ಸುಗ್ಗಿ ಮುಗಿದ ಮೇಲೆ ನೇಪಾಳವೋ, ಭೂತಾನವೋ, ಶ್ರೀಲಂಕಾವೋ? ಮಲೆನಾಡಿನ ಮನೆಯವರಿಗೊಂದು ಹೋಲಿಕೆ

ಅಡಿಕೆ ಸುಗ್ಗಿ ಮುಗಿದು, ಮಂಡಿಯ ಲೆಕ್ಕ ಚುಕ್ತಾ ಆಗಿ, ಮಕ್ಕಳ ಪರೀಕ್ಷೆಯೂ ಕಳೆದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ಸಲ ಒಮ್ಮೆ ಹೊರದೇಶಕ್ಕೆ ಹೋಗಿ ಬರೋಣ. ದುಬೈ, ಸಿಂಗಪುರದ ಹೆಸರು ಬಂದು ಹೋಗುತ್ತವೆ. ಕೊನೆಗೆ ಮಾತು ನಿಲ್ಲುವುದು ನೇಪಾಳ, ಭೂತಾನ್, ಶ್ರೀಲಂಕಾ ಈ ಮೂರರಲ್ಲೇ. ಹತ್ತಿರದ ದೇಶಗಳು, ಖರ್ಚು ಕೈಗೆಟಕುವಂಥದ್ದು, ಎಲ್ಲಿ ಹೋದರೂ ತಟ್ಟೆಗೆ ಅನ್ನ ಬೀಳುತ್ತದೆ.

ಆದರೆ ಆಯ್ಕೆ ಮಾಡುವ ರೀತಿ ಮಾತ್ರ ಸಾಮಾನ್ಯವಾಗಿ ತಲೆಕೆಳಗು. ಮೊಬೈಲಿನಲ್ಲಿ ಚಿತ್ರ ನೋಡಿ ದೇಶ ಗೊತ್ತುಮಾಡಿ, ಆಮೇಲೆ ಕಾಗದಪತ್ರ ಹುಡುಕಲು ಕೂರುತ್ತಾರೆ. ನನ್ನ ಸಲಹೆ ಇಷ್ಟೇ: ಮೊದಲು ಬೀರು ತೆಗೆದು ಯಾರ್ಯಾರ ಬಳಿ ಯಾವ ಗುರುತಿನ ಚೀಟಿ ಇದೆ ನೋಡಿ, ತೋಟ ಯಾವ ತಿಂಗಳು ಬಿಡುವು ಕೊಡುತ್ತದೆ ನೋಡಿ, ಜೊತೆಗೆ ಬರುವ ಹಿರಿಯರ ಮೊಣಕಾಲು ಎಷ್ಟು ಮೆಟ್ಟಿಲು ತಾಳುತ್ತದೆ ಕೇಳಿ. ಮುಕ್ಕಾಲು ಪಾಲು ಆಯ್ಕೆ ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು ಮಾತು. ಹಸಿರು ಗುಡ್ಡ, ಜಲಪಾತ ನೋಡಲೆಂದೇ ಹೊರಡುವುದಾದರೆ ವಿಮಾನದ ದುಡ್ಡು ದಂಡ. ಅವು ಆಗುಂಬೆಯಲ್ಲೂ ಜೋಗದಲ್ಲೂ ಇವೆ. ನಮ್ಮಲ್ಲಿ ಇಲ್ಲದ್ದು ಎಲ್ಲಿದೆಯೋ ಅಲ್ಲಿಗೆ ಹೋಗಿ: ನೇಪಾಳದಲ್ಲಿ ಹಿಮಶಿಖರ, ಭೂತಾನದಲ್ಲಿ ಕೋಟೆಯಂಥ ಮಠಗಳು, ಶ್ರೀಲಂಕಾದಲ್ಲಿ ಹಳೆಯ ರಾಜಧಾನಿಗಳ ಅವಶೇಷ.

ಬೀರುವಿನಲ್ಲಿ ಏನಿದೆ?

ಮನೆಯಲ್ಲಿ ಪಾಸ್‌ಪೋರ್ಟ್ ಇಲ್ಲವೆಂದರೆ ಶ್ರೀಲಂಕಾ ಪಟ್ಟಿಯಿಂದ ಹೊರಗೆ. ಅಲ್ಲಿಗೆ ಪಾಸ್‌ಪೋರ್ಟ್ ಬೇಕೇ ಬೇಕು, ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಜೊತೆಗೆ ಇ.ಟಿ.ಎ. ಎಂಬ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಭಾರತೀಯರಿಗೆ ಇದರ ಶುಲ್ಕದ ನಿಯಮ ಕೆಲವು ವರ್ಷಗಳಿಂದ ಆಗಾಗ ಬದಲಾಗುತ್ತಿದೆ, ಆದ್ದರಿಂದ ಹೊರಡುವ ತಿಂಗಳಲ್ಲೇ ನೋಡಿಕೊಳ್ಳಿ. ನೋಡುವಾಗ ತಾಣದ ವಿಳಾಸ ‘ಗವ್ ಡಾಟ್ ಎಲ್‌ಕೆ’ ಎಂದು ಮುಗಿಯುತ್ತದೆಯೇ ಎಂಬುದನ್ನು ಗಮನಿಸಿ. ಸರ್ಕಾರಿ ತಾಣದಂತೆಯೇ ಕಾಣುವ, ಮೇಲೆ ದಲ್ಲಾಳಿ ದುಡ್ಡು ಹಾಕುವ ತಾಣಗಳು ಬೇಕಾದಷ್ಟಿವೆ.

ನೇಪಾಳ ಮತ್ತು ಭೂತಾನಕ್ಕೆ ಭಾರತೀಯರಿಗೆ ವೀಸಾ ಇಲ್ಲ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಸಾಕು. ಇಲ್ಲಿ ಬಹಳ ಜನ ಎಡವುವುದು ಆಧಾರ್ ವಿಷಯದಲ್ಲಿ. ಬ್ಯಾಂಕಿಗೂ ಪಡಿತರಕ್ಕೂ ನಡೆಯುವ ಆಧಾರ್ ಇದಕ್ಕೆ ನಡೆಯುವುದಿಲ್ಲ. ನೇಪಾಳಕ್ಕೆ ವಿಮಾನದಲ್ಲಿ ಹೋಗುವಾಗ 15 ವರ್ಷದ ಒಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ ಮಾತ್ರ ಆಧಾರಿನಂಥ ಭಾವಚಿತ್ರವಿರುವ ಬೇರೆ ಗುರುತಿಗೆ ಅವಕಾಶವಿದೆ. 15ರಿಂದ 18ರ ನಡುವಿನ ಮಕ್ಕಳದ್ದು ನಡುವಿನ ಪಾಡು: ಮತದ ಚೀಟಿ ಬಂದಿರುವುದಿಲ್ಲ, ಆಧಾರ್ ಒಪ್ಪುವುದಿಲ್ಲ. ಅವರಿಗೆ ಶಾಲೆಯ ಮುಖ್ಯಸ್ಥರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪತ್ರ ಬರೆಸಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬೀಳುವ ಮೊದಲೇ ಈ ಕೆಲಸ ಮುಗಿಸಿ. ಭೂತಾನಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಜನನ ಪ್ರಮಾಣಪತ್ರದ ಮೂಲಪ್ರತಿ ಇರಲಿ.

ಮತದಾರರ ಚೀಟಿಯಲ್ಲಿರುವ ಹೆಸರು ಟಿಕೆಟ್ಟಿನಲ್ಲೂ ಹಾಗೆಯೇ ಇರಬೇಕು. ನಮ್ಮ ಹಿರಿಯರ ಹೆಸರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಒಂದು ಕಡೆ ಊರಿನ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಹೆಸರು, ಮತ್ತೊಂದು ಕಡೆ ‘ಭಟ್ಟ’, ‘ಹೆಗಡೆ’, ‘ಗೌಡ’ ಸೇರಿಯೋ ಬಿಟ್ಟೋ ಇರುತ್ತದೆ. ಚೀಟಿಯನ್ನು ಎದುರಿಗಿಟ್ಟುಕೊಂಡು ಟಿಕೆಟ್ ಮಾಡಿಸಿ.

ತೋಟದ ಪಂಚಾಂಗ, ಅಲ್ಲಿನ ಹವೆ

ಅಡಿಕೆ ಬೆಳೆಗಾರನಿಗೆ ವರ್ಷದಲ್ಲಿ ಬಿಡುವು ಎಂಬುದು ಫೆಬ್ರವರಿ ಕೊನೆಯಿಂದ ಮೇ ನಡುವಿನವರೆಗೆ. ಆಗಲೂ ತೋಟಕ್ಕೆ ನೀರು ಬಿಡಲು ಮನೆಯಲ್ಲಿ ಒಬ್ಬರು ಉಳಿಯಬೇಕು. ಮೇ ಕೊನೆಗೆ ಕೊಳೆರೋಗದ ಔಷಧಿ ಹೊಡೆಯುವ ಚಿಂತೆ ಶುರುವಾಗುತ್ತದೆ.

ಈ ಅವಧಿಯಲ್ಲಿ ನೇಪಾಳಕ್ಕೆ ಹೋದರೆ ಒಂದು ತೊಡಕಿದೆ, ಪ್ರವಾಸ ಕಂಪನಿಗಳವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಏಪ್ರಿಲ್ ಹೊತ್ತಿಗೆ ಕಾಡ್ಗಿಚ್ಚಿನ ಹೊಗೆ ಮತ್ತು ಧೂಳು ಸೇರಿ ಆಕಾಶ ಮಬ್ಬಾಗುತ್ತದೆ. ಪೋಖರಾದ ಸಾರಂಗ್‌ಕೋಟ್ ಗುಡ್ಡದ ಮೇಲೆ ಬೆಳಗಿನ ಜಾವ ನಿಂತವರಿಗೆ ಅನ್ನಪೂರ್ಣಾ ಸಾಲು ಕಾಣಿಸದೆಯೂ ಹೋಗಬಹುದು. ಶಿಖರ ನೋಡುವುದೇ ಮುಖ್ಯವಾದರೆ ಮಾರ್ಚ್ ಮೊದಲ ವಾರಗಳಲ್ಲೇ ಹೊರಡಿ. ಎಲ್ಲಕ್ಕಿಂತ ಸ್ವಚ್ಛ ಆಕಾಶ ಇರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಆದರೆ ಆಗ ನಮ್ಮಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರ ಹತ್ತುವ ಕಾಲ. ದಸರಾ ರಜೆಗೆಂದು ಹೋದರೆ ಅಲ್ಲಿ ದಶೈಂ ಹಬ್ಬ: ಕಠ್ಮಂಡುವಿನವರೆಲ್ಲ ಊರಿಗೆ ಹೊರಟಿರುತ್ತಾರೆ, ಬಸ್ಸು ಕಿಕ್ಕಿರಿದಿರುತ್ತವೆ, ಅಂಗಡಿ ಕಚೇರಿ ಮುಚ್ಚಿರುತ್ತವೆ.

ಭೂತಾನಕ್ಕೆ ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ. ಚಳಿ ಇಳಿದಿರುತ್ತದೆ, ರೋಡೊಡೆಂಡ್ರಾನ್ ಹೂ ಬಿಡುತ್ತದೆ. ಪಾರೋ ತ್ಶೆಚು ಎಂಬ ಮುಖವಾಡದ ಕುಣಿತದ ಹಬ್ಬವೂ ಆಗಲೇ ಬರುತ್ತದೆ. ಅದನ್ನು ನೋಡುವ ಆಸೆ ಇದ್ದರೆ ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಿರಿ, ಇಲ್ಲದಿದ್ದರೆ ಆ ವಾರವನ್ನು ತಪ್ಪಿಸಿ.

ಶ್ರೀಲಂಕಾಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಕೊಲಂಬೊ, ಗಾಲೆಯ ಕಡೆಗೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ ತ್ರಿಕೋಣಮಲೆಯ ಕಡೆಗೆ. ಮಾರ್ಚ್, ಏಪ್ರಿಲ್‌ನಲ್ಲಿ ಎರಡೂ ಕರಾವಳಿ ಸುಮಾರಾಗಿ ಒಣಗಿರುತ್ತವೆ. ಸಂಜೆ ಗುಡುಗು ಸಹಿತ ಒಂದು ಮಳೆ ಹೊಯ್ದು ನಿಲ್ಲುವುದುಂಟು. ಸೆಕೆ ಮಾತ್ರ ನಮ್ಮ ಕರಾವಳಿಯದೇ. ಏಪ್ರಿಲ್ 13, 14ರಂದು ಅಲ್ಲಿ ಸಿಂಹಳ, ತಮಿಳು ಹೊಸವರ್ಷ. ಅದರ ಹಿಂದೆ ಮುಂದೆ ಅಂಗಡಿ ಮುಚ್ಚಿರುತ್ತವೆ, ಚಾಲಕರು ಊರಿಗೆ ಹೋಗಿರುತ್ತಾರೆ, ನುವಾರ ಎಲಿಯದಲ್ಲಿ ಕೋಣೆಯ ಬಾಡಿಗೆ ಏರಿರುತ್ತದೆ.

ಭೂತಾನ್: ಊರು ಸಣ್ಣದು, ಬಿಲ್ಲು ದೊಡ್ಡದು

ಭೂತಾನಿನ ವಿಸ್ತೀರ್ಣ 38,394 ಚದರ ಕಿ.ಮೀ., ಕರ್ನಾಟಕದ ಐದನೇ ಒಂದು ಭಾಗ. ಜನಸಂಖ್ಯೆ ಏಳೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯೊಂದರಲ್ಲೇ 17,52,753 ಜನ ಇದ್ದರು ಎಂದು ನೆನೆದರೆ ಆ ದೇಶದ ಬಿಡುವು ಎಂಥದ್ದೆಂದು ಅಂದಾಜಾಗುತ್ತದೆ. ನೆಲದ ಶೇ. 60ರಷ್ಟಾದರೂ ಕಾಡಾಗಿಯೇ ಉಳಿಯಬೇಕೆಂದು ಅವರ 2008ರ ಸಂವಿಧಾನವೇ ಹೇಳುತ್ತದೆ. ರಾಜಧಾನಿ ಥಿಂಫುವಿನ ದೊಡ್ಡ ವೃತ್ತದಲ್ಲಿ ಸಿಗ್ನಲ್ ದೀಪ ಇಲ್ಲ. ಬಣ್ಣದ ಗೂಡಿನೊಳಗೆ ನಿಂತ ಪೊಲೀಸರು ಕೈ ಆಡಿಸಿ ವಾಹನ ಬಿಡುತ್ತಾರೆ.

ಈ ನೆಮ್ಮದಿಗೆ ಬೆಲೆ ಇದೆ. ಭಾರತೀಯ ಪ್ರವಾಸಿ ಪ್ರತಿ ರಾತ್ರಿಗೆ ತಲೆಗೆ 1,200 ರೂಪಾಯಿ ‘ಸುಸ್ಥಿರ ಅಭಿವೃದ್ಧಿ ಶುಲ್ಕ’ ಕಟ್ಟಬೇಕು. 6ರಿಂದ 12 ವರ್ಷದವರಿಗೆ ಅರ್ಧ, ಅದಕ್ಕಿಂತ ಸಣ್ಣವರಿಗೆ ಇಲ್ಲ. ನಾಲ್ವರು ದೊಡ್ಡವರು ಐದು ರಾತ್ರಿ ಉಳಿದರೆ ಇದೊಂದೇ 24,000 ರೂಪಾಯಿ. ಕೋಣೆ, ಊಟ, ಕಾರು ಬೇರೆ. ಕೂಡು ಕುಟುಂಬ ಹನ್ನೆರಡು ಜನ ಹೊರಟರೆ ಲೆಕ್ಕ ನೀವೇ ಹಾಕಿ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಭೂತಾನ್ ಒಪ್ಪುವ ಮಾತು, ದೊಡ್ಡ ಗುಂಪಿಗಲ್ಲ ಎಂಬುದು ನನ್ನ ತೀರ್ಮಾನ.

ದಾರಿ ಎರಡು. ದಿಲ್ಲಿ, ಕೋಲ್ಕತ್ತ ಅಥವಾ ಬಾಗ್‌ಡೋಗ್ರಾದಿಂದ ಪಾರೋಗೆ ವಿಮಾನ. ಹಾರಿಸುವ ಕಂಪನಿಗಳು ಬೆರಳೆಣಿಕೆ, ಟಿಕೆಟ್ ದುಬಾರಿ. ಇಲ್ಲವಾದರೆ ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ಹಾರಿ, ನಾಲ್ಕೈದು ಗಂಟೆ ರಸ್ತೆಯಲ್ಲಿ ಗಡಿಯ ಜೈಗಾಂವ್ ತಲುಪಿ, ಗೇಟು ದಾಟಿದರೆ ಫುಂಟ್‌ಶೋಲಿಂಗ್. ಅಲ್ಲಿಂದ ಥಿಂಫುಗೆ ಮತ್ತೆ ಐದಾರು ಗಂಟೆಯ ಘಟ್ಟದ ದಾರಿ. ಆಗುಂಬೆಯ ತಿರುವುಗಳಲ್ಲೇ ವಾಂತಿ ಮಾಡಿಕೊಳ್ಳುವವರು ಮನೆಯಲ್ಲಿದ್ದರೆ ವಿಮಾನವೇ ಸರಿ.

ಎತ್ತರವನ್ನೂ ಗಮನಿಸಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಥಿಂಫು ಪೇಟೆ ಇರುವುದೇ 2,300 ಮೀಟರಿನ ಸುಮಾರಿಗೆ. ಹೆಸರಾಂತ ತಕ್ತ್‌ಸಾಂಗ್ ಮಠ ಬಂಡೆಯ ಮೈಗೆ ಅಂಟಿಕೊಂಡು 3,120 ಮೀಟರಿನಲ್ಲಿದೆ. ಅರ್ಧ ದಾರಿಗೆ ಕುದುರೆ ಸಿಗುತ್ತದೆ, ಇಳಿಯುವಾಗ ಮಾತ್ರ ನಡೆದೇ ಬರಬೇಕು. ಮೊಣಕಾಲು ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅವರನ್ನು ಪುನಾಖಾಕ್ಕೆ ಕರೆದೊಯ್ಯಿರಿ. ಫೊ ಛು, ಮೊ ಛು ಎಂಬ ತಂದೆ ನದಿ, ತಾಯಿ ನದಿ ಕೂಡುವ ಜಾಗದಲ್ಲಿ ದೊಡ್ಡ ಕೋಟೆಮಠ ನಿಂತಿದೆ. ನಮ್ಮ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುವುದನ್ನು ಕಂಡವರು ಅಲ್ಲಿ ದಂಡೆಯ ಮೇಲೆ ಸುಮ್ಮನೆ ಕೂತು ಒಂದು ಹೊತ್ತು ಕಳೆಯಬಹುದು.

ಬೆಳೆಗಾರರು ಅಲ್ಲಿ ಗಮನಿಸಲೇಬೇಕಾದ ವಸ್ತು ‘ದೋಮಾ’. ಹಸಿ ಅಡಿಕೆಯ ಹೋಳು, ವೀಳ್ಯದೆಲೆ, ಸುಣ್ಣ: ಬೀದಿ ಬದಿಯ ಅಂಗಡಿಯಲ್ಲಿ ಮಡಚಿಟ್ಟು ಮಾರುತ್ತಾರೆ. ನಾವು ಕವಳ ಹಾಕಿ ಬೆಳೆದವರೇ ಎಂದು ಇಡೀ ಹೋಳು ಬಾಯಿಗೆ ಹಾಕಿಕೊಳ್ಳಬೇಡಿ. ಬೇಯಿಸಿ ಒಣಗಿಸಿದ ನಮ್ಮ ‘ರಾಶಿ ಇಡಿ’ ಅಡಿಕೆಗೂ ಅದಕ್ಕೂ ಸಂಬಂಧವಿಲ್ಲ; ಒಂದೇ ನಿಮಿಷದಲ್ಲಿ ಮೈ ಬೆವರಿ, ಕಿವಿ ಕಾದು, ಅಡಿಕೆ ಸೊಕ್ಕಿ ಕೂರುವ ಹಾಗಾಗುತ್ತದೆ. ದಕ್ಷಿಣದ ಸಮ್‌ತ್ಸೆ, ಸರ್ಪಾಂಗ್ ಜಿಲ್ಲೆಗಳಲ್ಲಿ ಅವರೂ ಅಡಿಕೆ ಬೆಳೆಯುತ್ತಾರೆ. ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಅಲ್ಲಿಂದ ಬರಬಹುದೆಂದು 2022ರಲ್ಲಿ ಕೇಂದ್ರ ಆದೇಶಿಸಿದಾಗ ನಮ್ಮ ಕಡೆ ಎಷ್ಟು ಸಿಟ್ಟು ಎದ್ದಿತ್ತೆಂದು ಎಲ್ಲರಿಗೂ ನೆನಪಿದೆ. ಆ ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿ ಬಂದರೆ ಮಂಡಿಯ ಕಟ್ಟೆಯ ಮೇಲೆ ಮಾತಾಡಲು ಒಂದು ಆಧಾರವಾದರೂ ಇರುತ್ತದೆ.

ಊಟದಲ್ಲಿ ‘ಎಮಾ ದತ್ಶಿ’ ಎಲ್ಲೆಡೆ ಸಿಗುತ್ತದೆ: ಚೀಸಿನಲ್ಲಿ ಬೇಯಿಸಿದ ಮೆಣಸಿನಕಾಯಿ. ಅಲ್ಲಿ ಮೆಣಸಿನಕಾಯಿ ಖಾರಕ್ಕೆ ಹಾಕುವ ಸಾಮಾನಲ್ಲ, ಅದೇ ತರಕಾರಿ. ಪಾರೋದ ಕೆಂಪಕ್ಕಿ ಅನ್ನ ನಮ್ಮವರಿಗೆ ಹಿಡಿಸುತ್ತದೆ. ಮಜ್ಜಿಗೆ ಇಲ್ಲದೆ ಊಟ ಮುಗಿಯದವರಿಗೆ ಮಾತ್ರ ಐದು ದಿನ ಸ್ವಲ್ಪ ಉದ್ದವೆನಿಸೀತು.

ನೇಪಾಳ: ಹಿರಿಯರಿಗೆ ಕ್ಷೇತ್ರ, ಕಿರಿಯರಿಗೆ ಹಿಮ

ತೀರ್ಥಯಾತ್ರೆಯ ಮನಸ್ಸಿನ ಅಪ್ಪ ಅಮ್ಮ ಜೊತೆಗಿದ್ದರೆ ಚರ್ಚೆಯೇ ಬೇಡ. ಪಶುಪತಿನಾಥನ ಗರ್ಭಗುಡಿಯ ಪೂಜೆ ಪರಂಪರೆಯಿಂದ ಕರ್ನಾಟಕದ ಕಡೆಯಿಂದ ಹೋದ ಭಟ್ಟರದ್ದು. ಮುಖ್ಯ ಗುಡಿಯೊಳಗೆ ಹಿಂದೂಗಳಿಗಷ್ಟೇ ಪ್ರವೇಶ. ಚರ್ಮದ ಬೆಲ್ಟು, ಪರ್ಸು ಹೊರಗೇ ಬಿಡಬೇಕು, ಒಳಗೆ ಫೋಟೊ ತೆಗೆಯುವಂತಿಲ್ಲ.

ಮುಕ್ತಿನಾಥದ ಮಾತು ಬೇರೆ. ಅದು 3,700 ಮೀಟರಿಗೂ ಮೇಲೆ, ಮುಸ್ತಾಂಗ್ ಜಿಲ್ಲೆಯಲ್ಲಿದೆ. ನಮ್ಮ ದೇವರ ಮನೆಯ ಸಾಲಿಗ್ರಾಮ ಸಿಗುವ ಕಾಳಿ ಗಂಡಕಿ ಹರಿಯುವುದು ಆ ಕಣಿವೆಯಲ್ಲೇ. ಪೋಖರಾದಿಂದ ಜೋಮ್‌ಸೋಮ್‌ಗೆ ಸಣ್ಣ ವಿಮಾನ ಇಪ್ಪತ್ತು ನಿಮಿಷದಲ್ಲಿ ಇಳಿಸುತ್ತದೆ. ಆದರೆ ಕಣಿವೆಯಲ್ಲಿ ಹೊತ್ತೇರಿದಂತೆ ಗಾಳಿ ಜೋರಾಗುವುದರಿಂದ ಹಾರಾಟ ಬೆಳಿಗ್ಗೆ ಮಾತ್ರ, ಮೋಡ ಬಂದರೆ ಅದೂ ರದ್ದು. ಮುಂದಿನ ವಿಮಾನಕ್ಕೂ ಇದಕ್ಕೂ ನಡುವೆ ಕನಿಷ್ಠ ಎರಡು ದಿನ ಸಡಿಲ ಬಿಡಿ. ಜೀಪಿನ ದಾರಿಯೂ ಇದೆ, ಬೆನ್ನು ಗಟ್ಟಿ ಇರಬೇಕು. ವಾಹನ ಇಳಿದ ಮೇಲೆ ಗುಡಿಯವರೆಗೆ ಏರುದಾರಿ, ಮೆಟ್ಟಿಲು. ಅಲ್ಲಿ 108 ಧಾರೆಗಳ ನೀರು ಹಿಮದಷ್ಟೇ ತಣ್ಣಗೆ. ಹೃದಯ, ಶ್ವಾಸದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಭಕ್ತಿಯ ಭರದಲ್ಲಿ ಎಪ್ಪತ್ತೈದು ದಾಟಿದವರನ್ನು ಒಂದೇ ದಿನದಲ್ಲಿ ಅಷ್ಟು ಎತ್ತರಕ್ಕೆ ಏರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಪ್ರದೇಶಕ್ಕೆ ಅನ್ನಪೂರ್ಣಾ ಸಂರಕ್ಷಣಾ ವಲಯದ ಪರವಾನಗಿ ಬೇಕು. ಭಾರತವೂ ಸೇರಿದ ದಕ್ಷಿಣ ಏಷ್ಯಾದ ಒಕ್ಕೂಟ ಸಾರ್ಕ್‌ನ ದೇಶದವರಿಗೆ ಅದರ ದರ ಕಡಿಮೆ.

ಕಠ್ಮಂಡು 1,400 ಮೀಟರ್, ಪೋಖರಾ ಅದಕ್ಕಿಂತ ತಗ್ಗು. ಮುಕ್ತಿನಾಥ ಬಿಟ್ಟರೆ ಎತ್ತರದ ಭಯವಿಲ್ಲ. ಎರಡರ ನಡುವಿನ ರಸ್ತೆ 200 ಕಿ.ಮೀ. ಎಂದು ಮೋಸ ಹೋಗಬೇಡಿ, ಇಡೀ ಹಗಲು ಹಿಡಿಯುತ್ತದೆ. ಅನ್ನ, ಬೇಳೆ, ಪಲ್ಯದ ದಾಲ್ ಭಾತ್ ಎಲ್ಲೆಡೆ ಸಿಗುತ್ತದೆ, ಕೇಳಿದಷ್ಟು ಬಡಿಸುತ್ತಾರೆ. ಸಾಸಿವೆ ಎಣ್ಣೆಯ ಘಾಟಿಗೆ ಮೊದಲ ದಿನ ಮೂಗು ಮುರಿಯುವುದು ಸಹಜ. ಭಕ್ತಪುರದಲ್ಲಿ ಮಣ್ಣಿನ ಕುಡಿಕೆಯಲ್ಲಿ ಹೆಪ್ಪಾದ ಸಿಹಿ ಮೊಸರು ‘ಜುಜು ಧೌ’ ತಪ್ಪಿಸಬೇಡಿ.

ವಾರದ ರಜೆ ಅಲ್ಲಿ ಶನಿವಾರ. ಗಡಿಯಾರವನ್ನು ಹದಿನೈದು ನಿಮಿಷ ಮುಂದಿಡಿ (ಭೂತಾನದಲ್ಲಿ ಅರ್ಧ ಗಂಟೆ; ಶ್ರೀಲಂಕಾದ್ದು ನಮ್ಮದೇ ಸಮಯ). ರಾಜಕೀಯದ ಸುದ್ದಿಯ ಮೇಲೆ ಕಣ್ಣಿರಲಿ: 2025ರ ಸೆಪ್ಟೆಂಬರ್ ಪ್ರತಿಭಟನೆಯಲ್ಲಿ ಸರ್ಕಾರವೇ ಬಿದ್ದಿತು, ಕಠ್ಮಂಡು ವಿಮಾನ ನಿಲ್ದಾಣವನ್ನೂ ಮುಚ್ಚಿದ್ದರು.

ಶ್ರೀಲಂಕಾ: ಪಾಸ್‌ಪೋರ್ಟ್ ಇದ್ದವರಿಗೆ ಸಲೀಸು

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ, ಒಂದೂವರೆ ಗಂಟೆ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವುದೇ ಅದಕ್ಕಿಂತ ದೂರದ ಪ್ರಯಾಣ. ಕರ್ನಾಟಕದ ಮೂರನೇ ಒಂದು ಭಾಗದಷ್ಟು ನಾಡು, ರಸ್ತೆ ಚೆನ್ನಾಗಿದೆ, ಚಾಲಕನ ಸಮೇತ ವ್ಯಾನ್ ಸುಲಭವಾಗಿ ಸಿಗುತ್ತದೆ. ಹಿರಿಯರು, ಮಕ್ಕಳು ಸೇರಿದ ದೊಡ್ಡ ಗುಂಪಿಗೆ ಮೂರರಲ್ಲಿ ಇದನ್ನೇ ನಾನು ಹೇಳುವುದು.

ನಮ್ಮವರು ಇಲ್ಲಿ ಸಮಯ ಕಳೆದುಕೊಳ್ಳುವುದು ಚಹಾ ತೋಟ ಮತ್ತು ಮಟಾಲೆಯ ‘ಸ್ಪೈಸ್ ಗಾರ್ಡನ್’ಗಳಲ್ಲಿ. ಕಾಳುಮೆಣಸಿನ ಬಳ್ಳಿ, ಏಲಕ್ಕಿ ಗಿಡ ತೋರಿಸಿ, ಕೊನೆಗೆ ಮೊಣಕಾಲಿಗೆ ಎಣ್ಣೆ ತಿಕ್ಕಿ ಡಾಲರ್ ಲೆಕ್ಕದಲ್ಲಿ ಶೀಶೆ ಮಾರುತ್ತಾರೆ. ಬಳ್ಳಿ ನೋಡಲು ತೀರ್ಥಹಳ್ಳಿಯವರು ಅಲ್ಲಿಗೆ ಹೋಗಬೇಕೇ? ಬೆಳೆಗಾರರ ಜೊತೆ ಮಾತಿಗೆ ಅವಕಾಶ ಸಿಕ್ಕರೆ ಮಾತ್ರ ಬಿಡಬೇಡಿ. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಸರ್ಕಾರ ಒಮ್ಮೆಲೇ ನಿಲ್ಲಿಸಿ, ಅದೇ ವರ್ಷದ ಕೊನೆಗೆ ಹಿಂದೆಗೆದ ಕತೆಯನ್ನು ಅವರ ಬಾಯಿಂದಲೇ ಕೇಳಬೇಕು. ಶ್ರೀಲಂಕಾದ ಹಾದಿಯಲ್ಲಿ ಬರುವ ಅಗ್ಗದ ಕಾಳುಮೆಣಸಿನಿಂದ ನಮ್ಮ ಬೆಲೆ ಕುಸಿದು, 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂದದ್ದನ್ನು ಅವರಿಗೆ ನೀವೂ ಹೇಳಬಹುದು.

ಸಮಯವನ್ನು ಅನುರಾಧಪುರ, ಪೊಲೊನ್ನರುವ, ಸಿಗಿರಿಯಾಗಳಿಗೆ ಕೊಡಿ. ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ಏರಲಾಗದವರು ಬುಡದ ನೀರಿನ ತೋಟಗಳಲ್ಲೇ ಒಂದು ಗಂಟೆ ಕಳೆಯಬಹುದು. ವಿದೇಶಿಯರ ಟಿಕೆಟ್ ಡಾಲರ್ ದರದ್ದು, ಹಗುರವಲ್ಲ. ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಸಾರ್ಕ್ ರಿಯಾಯಿತಿಯನ್ನು ಬಾಯಿಬಿಟ್ಟು ಕೇಳಿ. ಕ್ಯಾಂಡಿಯಿಂದ ಎಲ್ಲಾವರೆಗಿನ ರೈಲು ಸುಂದರ ನಿಜ, ಆದರೆ 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಆ ಗುಡ್ಡಗಾಡಿಗೆ ದೊಡ್ಡ ಪೆಟ್ಟು ಕೊಟ್ಟಿದೆ. ಯಾವ ಭಾಗದಲ್ಲಿ ರೈಲು ಓಡುತ್ತಿದೆ ಎಂದು ವಿಚಾರಿಸಿಯೇ ಕಾರ್ಯಕ್ರಮ ಹಾಕಿಕೊಳ್ಳಿ. ಸಿಂಹರಾಜ ಕಾಡಿಗೆ ಹೋಗುವವರಿಗೆ ಉಂಬಳದ (ಜಿಗಣೆಯ) ಬಗ್ಗೆ ನಾನು ಹೇಳಬೇಕಾದ್ದಿಲ್ಲ.

ಸಸ್ಯಾಹಾರಿಗಳು ಇಲ್ಲಿ ಕಣ್ಣು ತೆರೆದಿರಬೇಕು. ಅಪ್ಪ, ಶ್ಯಾವಿಗೆ, ತೆಂಗಿನಕಾಯಿಯ ಸಾಂಬೋಲ್, ಎಳೆ ಹಲಸಿನ ಪಲ್ಯ ಎಲ್ಲವೂ ಮನೆಯ ಊಟದಂತೆಯೇ ಕಾಣುತ್ತವೆ. ಆದರೆ ಕೆಂಪು ಸಾಂಬೋಲನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಕಾಯಿತುರಿಯ ನಡುವೆ ಕಂದು ಬಣ್ಣದ ಸಣ್ಣ ಚಕ್ಕೆಗಳು ಸಿಗುತ್ತವೆ. ಅದು ‘ಉಂಬಲಕಡ’, ಒಣಗಿಸಿದ ಮಾಲ್ಡೀವ್ಸ್ ಮೀನು. ತರಕಾರಿ ಪಲ್ಯಕ್ಕೂ ಅದನ್ನು ಉದುರಿಸುತ್ತಾರೆ, ಅದನ್ನು ಮಾಂಸಾಹಾರವೆಂದು ಎಣಿಸದವರೂ ಇದ್ದಾರೆ. ‘ವೆಜ್’ ಎಂದರೆ ಸಾಲದು, ಉಂಬಲಕಡ ಬೇಡ ಎಂದು ಹೆಸರು ಹಿಡಿದೇ ಹೇಳಿ. ಎಮ್ಮೆಯ ಗಟ್ಟಿ ಮೊಸರಿಗೆ ಬೈನೆ ಮರದ ಬೆಲ್ಲದ ಪಾಕ ಹೊಯ್ದು ಕೊಡುವುದನ್ನು ಮಾತ್ರ ನಿಶ್ಚಿಂತೆಯಿಂದ ತಿನ್ನಬಹುದು.

ಪ್ರತಿ ಹುಣ್ಣಿಮೆ ‘ಪೋಯಾ’, ದೇಶಕ್ಕೆಲ್ಲ ರಜೆ, ಅಂದು ಮದ್ಯ ಮಾರುವುದಿಲ್ಲ. ಪಂಚಾಂಗ ನೋಡಿ ಹೊರಡುವ ನಮ್ಮವರಿಗೆ ಇದು ಕಷ್ಟವಾಗಲಾರದು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವುದು ಅಲ್ಲಿ ಅಪರಾಧದಷ್ಟೇ ಗಂಭೀರ.

ದುಡ್ಡು, ಫೋನು, ಪ್ಲಗ್ಗು

ಭೂತಾನಿನ ಙುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ರೂಪಾಯಿಯೇ ನಡೆಯುತ್ತದೆ, ಆದರೆ ಉಳಿದ ಙುಲ್ಟ್ರಮ್ ಊರಿಗೆ ತಂದರೆ ಕಾಗದ. ನೇಪಾಳದಲ್ಲಿ ನಮ್ಮ 100ಕ್ಕೆ ಅವರ 160, 1993ರಿಂದ ಇದೇ ದರ. ಅಂಗಡಿಯವನು ಬೆಲೆ ಹೇಳಿದಾಗ ಯಾರ ರೂಪಾಯಿ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. 100ರ ನೋಟಿಗೆ ತಕರಾರಿಲ್ಲ. ಅದಕ್ಕಿಂತ ದೊಡ್ಡ ನೋಟಿನ ನಿಯಮ ಬದಲಾಗುತ್ತ ಬಂದಿದೆ, ಆದ್ದರಿಂದ ನೂರರ ಕಟ್ಟನ್ನೇ ಒಯ್ಯಿರಿ. ಶ್ರೀಲಂಕಾದಲ್ಲಿ ನಮ್ಮ ಒಂದಕ್ಕೆ ಅವರ ಸುಮಾರು ಮೂರೂವರೆ. ಯುಪಿಐ ಭೂತಾನಿನಲ್ಲಿ 2021ರಿಂದ, ಉಳಿದೆರಡರಲ್ಲಿ 2024ರಿಂದ ಇದೆ. ಎಲ್ಲ ಅಂಗಡಿಯಲ್ಲೂ ಇಲ್ಲ, ಎಲ್ಲ ಬ್ಯಾಂಕಿನದ್ದೂ ಓಡುವುದಿಲ್ಲ, ನಗದು ಇರಲಿ.

ಸ್ಥಳೀಯ ಸಿಮ್ ಮೂರೂ ಕಡೆ ಅಗ್ಗ. ನಮ್ಮ ದುಂಡು ಪಿನ್ನಿನ ಪ್ಲಗ್ ನೇಪಾಳ, ಭೂತಾನಿನಲ್ಲಿ ಬಹುತೇಕ ನಡೆಯುತ್ತದೆ. ಶ್ರೀಲಂಕಾಕ್ಕೆ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು. ತುರ್ತಿಗೆ: ಶ್ರೀಲಂಕಾದಲ್ಲಿ ಆಂಬುಲೆನ್ಸ್ 1990, ಪೊಲೀಸ್ 119, ನೇಪಾಳದಲ್ಲಿ 102, 100, ಭೂತಾನಿನಲ್ಲಿ 112, 113. ಹಿಂದಿ ನೇಪಾಳದಲ್ಲೂ ಭೂತಾನಿನಲ್ಲೂ ಸಾಕು, ಶ್ರೀಲಂಕಾದಲ್ಲಿ ಇಂಗ್ಲಿಷ್ ಅಥವಾ ಮುರುಕು ತಮಿಳು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆಸುತ್ತಾರೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ದೊಡ್ಡ ಪೆಟ್ಟಿಗೆಗೆ ಹಾಕಿ.

ಬರುವಾಗಿನ ವಿಷಯವೊಂದಿದೆ. ಒಳ್ಳೆಯ ಕಾಳುಮೆಣಸಿನ ಬಳ್ಳಿ, ದಾಲ್ಚಿನ್ನಿಯ ಸಸಿ, ಹೊಸ ಜಾತಿಯ ಅಡಿಕೆಗೋಟು ಕಂಡರೆ ಬೆಳೆಗಾರನ ಕೈ ಸುಮ್ಮನಿರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕುವ ಯೋಚನೆ ಬೇಡ. ಸಸಿ, ಕಟಿಂಗ್, ಬೀಜ ತರಲು ಆಮದು ಪರವಾನಗಿ ಮತ್ತು ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಎಲೆಚುಕ್ಕೆ ರೋಗದ ಔಷಧಿಗೇ ಸುಗ್ಗಿಯ ದುಡ್ಡು ಸುರಿಯುತ್ತಿರುವ ನಾವು ಇನ್ನೊಂದು ರೋಗವನ್ನು ಚೀಲದಲ್ಲಿ ಹೊತ್ತು ತರುವುದು ಬೇಡ. ಚಹಾದ ಪೊಟ್ಟಣ ತನ್ನಿ.